ಕಾಸ್ಮಿಕ್ ಕಿರಣಗಳಿಂದ ಮಣ್ಣಿನ ತೇವಾಂಶ ಮತ್ತು ಹಿಮದ ನೀರು ಅಳೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಒಂದು ಹೊಲದ ಮಣ್ಣಿನಲ್ಲಿ ಈಗ ಎಷ್ಟು ನೀರಿದೆ? ಕೇಳೋಕೆ ಸುಲಭ, ಹೇಳೋಕೆ ಕಷ್ಟ. ಮಣ್ಣಿಗೆ ಚುಚ್ಚುವ ಸೆನ್ಸರ್ ತನ್ನ ಸುತ್ತಲಿನ ಬೊಗಸೆಯಷ್ಟು ಮಣ್ಣಿನ ಸುದ್ದಿ ಮಾತ್ರ ಹೇಳುತ್ತದೆ. ನಾಲ್ಕು ಹೆಜ್ಜೆ ಆಚೆ ಕಲ್ಲಿದ್ದರೆ, ಬೇರಿದ್ದರೆ, ತಗ್ಗಿದ್ದರೆ ಲೆಕ್ಕವೇ ಬೇರೆ. ಉಪಗ್ರಹದ ಸಮಸ್ಯೆ ಇದಕ್ಕೆ ತದ್ವಿರುದ್ಧ. ಅದು ಕಿಲೋಮೀಟರುಗಟ್ಟಲೆ ಜಾಗಕ್ಕೆ ಒಂದೇ ಸಂಖ್ಯೆ ಕೊಡುತ್ತದೆ, ಅದೂ ಮೇಲಿನ ಕೆಲವೇ ಸೆಂಟಿಮೀಟರ್ ಮಣ್ಣಿಗೆ. ಇವೆರಡರ ನಡುವಿನ ಅಳತೆ, ಅಂದರೆ ಕೆಲವು ಹೆಕ್ಟೇರ್ ಜಾಗದ, ಬೇರಿನ ಆಳದವರೆಗಿನ ಸರಾಸರಿ, ಬಹಳ ಕಾಲ ಯಾರ ಕೈಗೂ ಸಿಕ್ಕಿರಲಿಲ್ಲ. ಅದನ್ನು ಕೊಡುವುದು ಕಾಸ್ಮಿಕ್ ಕಿರಣ ನ್ಯೂಟ್ರಾನ್ ಸೆನ್ಸರ್.

ಶುರುವಿನಲ್ಲೇ ಒಂದು ಮಾತು. ಈ ಯಂತ್ರ ನೀರನ್ನು ಅಳೆಯುವುದಿಲ್ಲ, ನ್ಯೂಟ್ರಾನ್‌ಗಳನ್ನು ಎಣಿಸುತ್ತದೆ ಅಷ್ಟೇ. ಆ ಎಣಿಕೆಯಿಂದ ನೀರಿನ ಲೆಕ್ಕ ತೆಗೆಯುವ ಕೆಲಸ ನಿಮ್ಮದು. ಕಂಬ ನೆಟ್ಟು ಪೆಟ್ಟಿಗೆ ಕಟ್ಟೋಕೆ ಅರ್ಧ ದಿನ ಸಾಕು. ಆಮೇಲಿನ ತಿದ್ದುಪಡಿ ಮತ್ತು ಕ್ಯಾಲಿಬ್ರೇಷನ್ (ಎಣಿಕೆಯನ್ನು ನಿಜವಾದ ತೇವಾಂಶಕ್ಕೆ ಹೊಂದಿಸುವ ಕೆಲಸ) ಸರಿಯಾಗಿ ಮಾಡದಿದ್ದರೆ, ನಿಮಗೆ ಸಿಗುವುದು ಗಾಳಿಯ ಒತ್ತಡದ ಗ್ರಾಫ್, ಮಣ್ಣಿನದಲ್ಲ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಆ ಭಾಗಕ್ಕೇ ಕೊಟ್ಟಿದ್ದೇನೆ.

ಇದು ಕೆಲಸ ಮಾಡುವ ಬಗೆ

ಬಾಹ್ಯಾಕಾಶದಿಂದ ಬರುವ ಅತಿ ವೇಗದ ಕಣಗಳು, ಹೆಚ್ಚಿನವು ಪ್ರೋಟಾನ್‌ಗಳು, ಹಗಲೂ ರಾತ್ರಿ ನಮ್ಮ ವಾತಾವರಣಕ್ಕೆ ಬಡಿಯುತ್ತಲೇ ಇರುತ್ತವೆ. ಇವೇ ಕಾಸ್ಮಿಕ್ ಕಿರಣಗಳು. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಮೇಲೇರಿ, ಎತ್ತರಕ್ಕೆ ಹೋದಂತೆ ವಿಕಿರಣ ಹೆಚ್ಚುತ್ತದೆ ಎಂದು ತೋರಿಸಿದ್ದು ಇವುಗಳ ಸುಳಿವನ್ನೇ. ಈ ಕಣಗಳು ಗಾಳಿಯ ಪರಮಾಣುಗಳನ್ನು ಒಡೆದಾಗ ಹೊಸ ಕಣಗಳು ಹುಟ್ಟುತ್ತವೆ. ಅವು ಮತ್ತಷ್ಟು ಪರಮಾಣುಗಳನ್ನು ಒಡೆಯುತ್ತವೆ. ಕೊನೆಗೆ ನ್ಯೂಟ್ರಾನ್‌ಗಳು ನೆಲ ಮುಟ್ಟಿ, ಮಣ್ಣಿನೊಳಗಿನ ಪರಮಾಣುಗಳಿಂದಲೂ ವೇಗದ ನ್ಯೂಟ್ರಾನ್‌ಗಳನ್ನು ಎಬ್ಬಿಸುತ್ತವೆ. ಇವುಗಳಲ್ಲಿ ಕೆಲವು ಮಣ್ಣಿನಿಂದ ಹೊರಬಿದ್ದು ಗಾಳಿಯಲ್ಲಿ ನೂರಾರು ಮೀಟರ್ ಅಲೆದಾಡುತ್ತವೆ.

ಈ ಅಲೆದಾಟವನ್ನು ನಿಲ್ಲಿಸುವುದರಲ್ಲಿ ಹೈಡ್ರೋಜನ್‌ನಷ್ಟು ಸಮರ್ಥವಾದದ್ದು ಇನ್ನೊಂದಿಲ್ಲ. ಗೋಲಿ ಬಂಡೆಗೆ ಬಡಿದರೆ ಹೆಚ್ಚೂ ಕಡಿಮೆ ಅದೇ ವೇಗದಲ್ಲಿ ಪುಟಿಯುತ್ತದೆ, ಇನ್ನೊಂದು ಗೋಲಿಗೆ ಬಡಿದರೆ ವೇಗವನ್ನೆಲ್ಲ ಅದಕ್ಕೆ ಕೊಟ್ಟು ನಿಂತುಬಿಡುತ್ತದೆ. ನ್ಯೂಟ್ರಾನ್ ಮತ್ತು ಹೈಡ್ರೋಜನ್ ನ್ಯೂಕ್ಲಿಯಸ್ ಹೆಚ್ಚು ಕಡಿಮೆ ಒಂದೇ ತೂಕದವು. ವೇಗದ ನ್ಯೂಟ್ರಾನ್ ಪೂರ್ತಿ ನಿಧಾನವಾಗಲು ಹೈಡ್ರೋಜನ್‌ಗೆ ಸುಮಾರು 18 ಡಿಕ್ಕಿ ಸಾಕು. ಆಮ್ಲಜನಕಕ್ಕಾದರೆ ಸುಮಾರು 150 ಬೇಕು. ಮಣ್ಣಿನಲ್ಲಿ ಹೈಡ್ರೋಜನ್ ಜಾಸ್ತಿ ಇರುವುದು ನೀರಿನಲ್ಲಿ. ಸೆನ್ಸರ್ ಎಣಿಸುವುದು ಇನ್ನೂ ಪೂರ್ತಿ ನಿಧಾನವಾಗದ ನ್ಯೂಟ್ರಾನ್‌ಗಳನ್ನು. ಆದ್ದರಿಂದ ಮಣ್ಣು ಒದ್ದೆಯಾದಷ್ಟೂ ಎಣಿಕೆ ಇಳಿಯುತ್ತದೆ, ಒಣಗಿದಷ್ಟೂ ಏರುತ್ತದೆ. ಇಡೀ ವಿಧಾನ ನಿಂತಿರುವುದು ಇದೊಂದರ ಮೇಲೆ.

ಜಪಾನಿನಲ್ಲಿ ಕೊಡಾಮ ಮತ್ತು ಸಂಗಡಿಗರು ಸುಮಾರು 1980ರ ಹೊತ್ತಿಗೇ ಇದರಿಂದ ಹಿಮದ ನೀರು ಅಳೆದಿದ್ದರು. ಅವರು ಮಣ್ಣಿನ ತೇವಾಂಶಕ್ಕಾಗಿ ಸೆನ್ಸರನ್ನು ನೆಲದೊಳಗೆ ಹೂತಿದ್ದರಿಂದ, ಅದಕ್ಕೆ ಸುತ್ತಲಿನ ಚೂರು ಮಣ್ಣು ಮಾತ್ರ ಕಾಣುತ್ತಿತ್ತು. ಅರಿಝೋನಾ ವಿಶ್ವವಿದ್ಯಾಲಯದ ಮಾರೆಕ್ ಝ್ರೆಡಾ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದ್ದು ಸೆನ್ಸರನ್ನು ನೆಲದ ಮೇಲಿಟ್ಟರೆ ಆಗುವ ಲಾಭವನ್ನು. ಮೇಲಿಟ್ಟ ಸೆನ್ಸರ್ ಸುತ್ತಲಿನ ನೂರಾರು ಮೀಟರ್ ಜಾಗದ ಸರಾಸರಿ ಕೊಡುತ್ತದೆ. ಆಮೇಲೆ ಅಮೆರಿಕ, ಆಸ್ಟ್ರೇಲಿಯಾ, ಜರ್ಮನಿ, ಬ್ರಿಟನ್, ಭಾರತ ಹೀಗೆ ಹಲವು ದೇಶಗಳಲ್ಲಿ ಇವುಗಳ ಜಾಲವೇ ಬೆಳೆಯಿತು.

ಹಂತ 1: ಸೆನ್ಸರ್ ಮತ್ತು ಅದರ ಜೊತೆಗಾರರು

ಸೆನ್ಸರಿನ ಹೃದಯ ಒಂದು ಕೊಳವೆ. ಹೀಲಿಯಂ-3 ಅಥವಾ ಬೋರಾನ್ ಟ್ರೈಫ್ಲೋರೈಡ್ ಅನಿಲ ತುಂಬಿದ ಕೊಳವೆಗಳು ಹಳೆಯ ಪದ್ಧತಿ. ಬೋರಾನ್ ಲೇಪಿಸಿದ, ಲಿಥಿಯಂ-6 ಹಾಳೆ ಹಾಕಿದ, ಸಿಂಟಿಲೇಟರ್ (ಕಣ ಬಡಿದಾಗ ಮಿನುಗುವ ವಸ್ತು) ಇರುವ ಮಾದರಿಗಳೂ ಈಗ ಬಳಕೆಯಲ್ಲಿವೆ. ಕೊಳವೆಯ ಸುತ್ತ ಸುಮಾರು ಎರಡೂವರೆ ಸೆಂಟಿಮೀಟರ್ ದಪ್ಪದ ಪಾಲಿಥಿಲೀನ್ ಕವಚ ಇರಲೇಬೇಕು. ಕವಚವಿಲ್ಲದ ಕೊಳವೆ ಹೆಚ್ಚಾಗಿ ಪೂರ್ತಿ ನಿಧಾನಗೊಂಡ ನ್ಯೂಟ್ರಾನ್‌ಗಳನ್ನು ಎಣಿಸುತ್ತದೆ, ಅವು ತೇವಾಂಶದ ಜೊತೆ ಬೇರೆ ಥರ ವರ್ತಿಸುತ್ತವೆ.

ಕೊಳ್ಳುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ನನ್ನ ಜಾಗದಲ್ಲಿ ಗಂಟೆಗೆ ಎಷ್ಟು ಎಣಿಕೆ ಬರುತ್ತದೆ? ಎಣಿಕೆ ಕಡಿಮೆಯಾದಷ್ಟೂ ಅಳತೆ ಅಲುಗಾಡುತ್ತದೆ. ಜಾಗದ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗಾಳಿಯ ಒತ್ತಡ ಸುಮಾರು 90 ಹೆಕ್ಟೋಪ್ಯಾಸ್ಕಲ್ ಕಡಿಮೆಯಾದರೆ ಎಣಿಕೆ ಎರಡು ಪಟ್ಟಾಗುತ್ತದೆ. ಬೆಟ್ಟದ ಮೇಲೆ ಚಿಕ್ಕ ಸೆನ್ಸರ್ ಸಾಕಾದೀತು, ಸಮುದ್ರಮಟ್ಟದಲ್ಲಿ ದೊಡ್ಡದೇ ಬೇಕು.

ಜೊತೆಗೆ ಒತ್ತಡ, ಉಷ್ಣಾಂಶ, ಗಾಳಿಯ ಆರ್ದ್ರತೆ ಅಳೆಯುವ ಸೆನ್ಸರ್‌ಗಳು, ಅಳತೆಗಳನ್ನು ದಾಖಲಿಸುವ ಡೇಟಾ ಲಾಗರ್, ಸೋಲಾರ್ ಪ್ಯಾನೆಲ್, ಬ್ಯಾಟರಿ ಬೇಕು. ಒತ್ತಡದ ಸೆನ್ಸರಿನಲ್ಲಿ ಉಳಿತಾಯ ಮಾಡಬೇಡಿ, ಯಾಕೆ ಅನ್ನೋದು ಹಂತ 3ರಲ್ಲಿ ಗೊತ್ತಾಗುತ್ತದೆ. ಹಳೆಯ ಮಾದರಿಯ ನ್ಯೂಟ್ರಾನ್ ಪ್ರೋಬ್‌ಗಳಲ್ಲಿ ವಿಕಿರಣ ಹೊರಸೂಸುವ ಮೂಲ ಇರುತ್ತಿತ್ತು, ಅದಕ್ಕೆ ಪರವಾನಗಿ ಬೇಕಿತ್ತು. ಇದರಲ್ಲಿ ಅಂಥದ್ದೇನೂ ಇಲ್ಲ. ಆಕಾಶದಿಂದ ಬಂದದ್ದನ್ನು ಸುಮ್ನೆ ಎಣಿಸುತ್ತದೆ.

ಹಂತ 2: ಜಾಗ ಆರಿಸಿ, ಕಂಬ ನೆಡಿ

ಸೆನ್ಸರ್ ಸುತ್ತಲೂ ಸುಮಾರು 130 ರಿಂದ 240 ಮೀಟರ್ ತ್ರಿಜ್ಯದ ವೃತ್ತ ಅದರ ಕಣ್ಣಳತೆ. ಗಾಳಿಯೂ ಮಣ್ಣೂ ಒಣಗಿದ್ದಾಗ ಅದು ಹಿಗ್ಗುತ್ತದೆ, ಒದ್ದೆಯಾಗಿದ್ದಾಗ ಕುಗ್ಗುತ್ತದೆ. ಆಳವೂ ಹಾಗೆಯೇ: ತುಂಬಾ ಒಣ ಮಣ್ಣಿನಲ್ಲಿ ಸುಮಾರು 80 ಸೆಂಟಿಮೀಟರ್‌ವರೆಗೆ, ಒದ್ದೆ ಮಣ್ಣಿನಲ್ಲಿ ಬರೀ 15 ಸೆಂಟಿಮೀಟರ್. ಮಳೆಗಾಲದ ಸಂಖ್ಯೆ ಮತ್ತು ಬೇಸಿಗೆಯ ಸಂಖ್ಯೆ ಒಂದೇ ಆಳದ್ದಲ್ಲ ಅನ್ನೋದನ್ನು ಮರೆಯಬೇಡಿ.

ವೃತ್ತದೊಳಗಿನ ಎಲ್ಲ ಜಾಗಕ್ಕೂ ಸಮಾನ ಪಾಲಿಲ್ಲ. ಹತ್ತಿರದ್ದಕ್ಕೆ ಬಹಳ ಜಾಸ್ತಿ ತೂಕ. ಹಾಗಾಗಿ ಕಂಬದ ಬುಡಕ್ಕೆ ಕಾಂಕ್ರೀಟ್ ಸುರಿಯುವುದು, ಪಕ್ಕದಲ್ಲೇ ಓಡಾಡುವ ದಾರಿ ಮಾಡುವುದು, ಬುಡದ ಹುಲ್ಲನ್ನು ಮಾತ್ರ ಬೇರೆ ಥರ ಕತ್ತರಿಸುವುದು ಅಳತೆಯನ್ನು ಕೆಡಿಸುತ್ತದೆ. ಕೆರೆ, ಹೊಳೆ, ಕಾಲುವೆ, ಟಾರು ರಸ್ತೆ, ಕಟ್ಟಡ ಇವುಗಳಿಂದ ದೂರ ಇರಿ. ನೀರು ನಿಂತಿರುವ ಗದ್ದೆಗೆ ಈ ವಿಧಾನ ಹೊಂದುವುದಿಲ್ಲ. ಎಣಿಕೆ ತಳ ಕಚ್ಚಿದ ಮೇಲೆ ಅದು ಹೇಳುವುದೇನೂ ಉಳಿಯುವುದಿಲ್ಲ.

ಸೆನ್ಸರನ್ನು ನೆಲದಿಂದ ಒಂದೂವರೆ ಅಥವಾ ಎರಡು ಮೀಟರ್ ಎತ್ತರದಲ್ಲಿ ಕಟ್ಟಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಕೊಳವೆಗಳು ಹೈ ವೋಲ್ಟೇಜಿನಲ್ಲಿ ನಡೆಯುವುದರಿಂದ ಒಳಗೆ ಪಸೆಯಾದರೆ ಸುಳ್ಳು ಎಣಿಕೆಗಳು ಬರುತ್ತವೆ. ಗಂಟೆಗೊಮ್ಮೆ ಎಣಿಕೆ, ಒತ್ತಡ, ಉಷ್ಣಾಂಶ, ಆರ್ದ್ರತೆ, ಬ್ಯಾಟರಿ ವೋಲ್ಟೇಜ್ ದಾಖಲಾಗಲಿ.

ಹಂತ 3: ಎಣಿಕೆಗೆ ಮೂರು ತಿದ್ದುಪಡಿ

ಮೊದಲು ಒತ್ತಡ. ಮೂರರಲ್ಲಿ ದೊಡ್ಡದು ಇದು. ತಲೆಯ ಮೇಲೆ ಗಾಳಿ ಜಾಸ್ತಿ ಇದ್ದರೆ ಕೆಳಗೆ ಬರುವ ಕಣಗಳು ಕಡಿಮೆ. ಪ್ರತಿ ಹೆಕ್ಟೋಪ್ಯಾಸ್ಕಲ್‌ಗೆ ಎಣಿಕೆ ಸುಮಾರು ಶೇ 0.76ರಷ್ಟು ಬದಲಾಗುತ್ತದೆ. ನಿಮ್ಮ ಜಾಗದ ಸರಾಸರಿ ಒತ್ತಡವನ್ನು ಆಧಾರವಾಗಿ ಇಟ್ಟುಕೊಳ್ಳಿ. ಈಗಿನ ಒತ್ತಡದಿಂದ ಅದನ್ನು ಕಳೆದು, 0.0076ರಿಂದ ಗುಣಿಸಿ, ಅದರ ಎಕ್ಸ್‌ಪೊನೆನ್ಷಿಯಲ್ (ಕ್ಯಾಲ್ಕುಲೇಟರಿನ eˣ) ತೆಗೆದರೆ ತಿದ್ದುಪಡಿ ಗುಣಕ ಸಿಗುತ್ತದೆ.

ಒಂದು ಉದಾಹರಣೆ ನೋಡೋಣ. ಸರಾಸರಿ ಒತ್ತಡ 950, ಈಗ 945. ವ್ಯತ್ಯಾಸ ಮೈನಸ್ 5. ಗುಣಕ 0.963. ಲಾಗರ್ 1450 ಅಂತ ತೋರಿಸಿದ್ದರೆ ತಿದ್ದಿದ ಎಣಿಕೆ 1396. ಬರೀ 54 ಎಣಿಕೆ ತಾನೇ ಅನಿಸಬಹುದು. ಕೆಳಗೆ ಹಂತ 5ರಲ್ಲಿ ಬರುವ ಮಣ್ಣಿಗೆ ಇದನ್ನು ಹಾಕಿ ನೋಡಿದರೆ, ತಿದ್ದದ ಎಣಿಕೆ ತೇವಾಂಶ ಶೇ 24.5 ಅನ್ನುತ್ತದೆ, ತಿದ್ದಿದ್ದು ಶೇ 29 ಅನ್ನುತ್ತದೆ. ಇನ್ನೂ ಕೆಟ್ಟ ಸಂಗತಿ ಏನೆಂದರೆ, ಒತ್ತಡ ಕುಸಿಯುವುದು ಸಾಮಾನ್ಯವಾಗಿ ಮಳೆ ಬರುವ ಹೊತ್ತಿನಲ್ಲೇ. ತಿದ್ದದೆ ಬಿಟ್ಟರೆ ಮಳೆ ಸುರಿಯುತ್ತಿರುವಾಗ ಮಣ್ಣು ಒಣಗುತ್ತಿದೆ ಅಂತ ಗ್ರಾಫ್ ಹೇಳುತ್ತದೆ! ಒತ್ತಡದ ಸೆನ್ಸರ್ ಒಳ್ಳೆಯದಿರಲಿ ಅಂದಿದ್ದು ಇದಕ್ಕೇ.

ಎರಡನೆಯದು ಗಾಳಿಯಲ್ಲಿನ ನೀರಾವಿ. ಅದರಲ್ಲೂ ಹೈಡ್ರೋಜನ್ ಇದೆ ಅಲ್ವಾ? ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಗ್ರಾಂ ನೀರಾವಿ ಇದೆ ಎಂದು ಉಷ್ಣಾಂಶ ಮತ್ತು ಸಾಪೇಕ್ಷ ಆರ್ದ್ರತೆಯಿಂದ ಲೆಕ್ಕ ಹಾಕಿ. ಅದನ್ನು 0.0054ರಿಂದ ಗುಣಿಸಿ 1 ಸೇರಿಸಿದರೆ ಗುಣಕ. 25 ಡಿಗ್ರಿ ಸೆಲ್ಸಿಯಸ್, ಶೇ 60 ಆರ್ದ್ರತೆ ಇದ್ದರೆ ಸುಮಾರು 13.8 ಗ್ರಾಂ ನೀರಾವಿ, ಗುಣಕ 1.075. ಒಣ ಚಳಿಗಾಲಕ್ಕೂ ಸೆಕೆಯ ದಿನಗಳಿಗೂ ನಡುವೆ ಇದೇ ಒಂದು ದೊಡ್ಡ ವ್ಯತ್ಯಾಸ ತರಬಲ್ಲದು.

ಮೂರನೆಯದು ಆಕಾಶದಿಂದ ಬರುವ ಕಿರಣಗಳಲ್ಲೇ ಆಗುವ ಏರಿಳಿತ. ಸೂರ್ಯ ಚುರುಕಾಗಿದ್ದಾಗ ಅದರ ಕಾಂತಕ್ಷೇತ್ರ ಗ್ಯಾಲಕ್ಸಿಯ ಕಿರಣಗಳನ್ನು ತಡೆಯುತ್ತದೆ. ಹಾಗಾಗಿ ಸುಮಾರು 11 ವರ್ಷದ ಸೌರ ಚಕ್ರದ ಜೊತೆ ಎಣಿಕೆಯೂ ನಿಧಾನವಾಗಿ ಏರಿ ಇಳಿಯುತ್ತದೆ. ಸೌರ ಸ್ಫೋಟದ ನಂತರ ಕೆಲವೊಮ್ಮೆ ಒಂದೇ ದಿನದಲ್ಲಿ ಎಣಿಕೆ ದಿಢೀರನೆ ಬೀಳುವುದೂ ಉಂಟು. ಇದನ್ನು ನಿಮ್ಮ ಸೆನ್ಸರಿನಿಂದಲೇ ಕಂಡುಹಿಡಿಯಲಾಗದು. ಈ ಏರಿಳಿತವನ್ನೇ ಗಮನಿಸಲು ಜಗತ್ತಿನ ಹಲವೆಡೆ ಇರುವ ನ್ಯೂಟ್ರಾನ್ ಮಾನಿಟರ್‌ಗಳ ದತ್ತಾಂಶ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಖ್ ಮಾನಿಟರನ್ನು ಬಹಳ ಮಂದಿ ಬಳಸುತ್ತಾರೆ. ಆಧಾರವಾಗಿ ನೀವೇ ಆರಿಸಿಕೊಂಡ ಒಂದು ದಿನದ ಮಾನಿಟರ್ ಎಣಿಕೆಯನ್ನು ಈಗಿನ ಮಾನಿಟರ್ ಎಣಿಕೆಯಿಂದ ಭಾಗಿಸಿದರೆ ಮೂರನೇ ಗುಣಕ ಸಿಕ್ಕಿತು.

ಇಲ್ಲೊಂದು ಎಚ್ಚರಿಕೆ. ಭೂಮಿಯ ಕಾಂತಕ್ಷೇತ್ರ ಸಮಭಾಜಕದ ಹತ್ತಿರ ಕಡಿಮೆ ಶಕ್ತಿಯ ಕಿರಣಗಳನ್ನು ಒಳಗೆ ಬಿಡುವುದಿಲ್ಲ. ಸೂರ್ಯನಿಂದ ಜಾಸ್ತಿ ಏರಿಳಿಯುವುದು ಆ ಕಡಿಮೆ ಶಕ್ತಿಯ ಕಿರಣಗಳೇ. ಹಾಗಾಗಿ ಸಮಭಾಜಕದ ಹತ್ತಿರವಿರುವ ಸೆನ್ಸರಿಗೆ ಯುಂಗ್‌ಫ್ರೌಯೋಖ್‌ನ ಏರಿಳಿತವನ್ನು ಹಾಗೆಯೇ ಹಚ್ಚಿದರೆ ತಿದ್ದುಪಡಿ ಅತಿಯಾಗುತ್ತದೆ. ಕಿರಣ ಒಳಗೆ ಬರಲು ಬೇಕಾದ ಈ ಕನಿಷ್ಠ ಮಿತಿಗೆ ಕಟ್‌ಆಫ್ ರಿಜಿಡಿಟಿ ಎಂದು ಹೆಸರು, ನಿಮ್ಮ ಜಾಗದ ಮಿತಿಗೆ ಹತ್ತಿರವಿರುವ ಮಾನಿಟರನ್ನೇ ಆರಿಸಿ. ಯುಂಗ್‌ಫ್ರೌಯೋಖ್‌ನಲ್ಲಿ ಅದು ಸುಮಾರು 4.5 ಗಿಗಾವೋಲ್ಟ್, ಥಾಯ್ಲೆಂಡಿನ ದೋಯಿ ಇಂಥನೋನ್‌ನಲ್ಲಿ ಸುಮಾರು 17.

ಲಾಗರ್‌ನ ಎಣಿಕೆಯನ್ನು ಈ ಮೂರೂ ಗುಣಕಗಳಿಂದ ಗುಣಿಸಿ. ಇನ್ನು ಮುಂದೆ ಎಣಿಕೆ ಅಂದರೆ ಈ ತಿದ್ದಿದ ಎಣಿಕೆ.

ಹಂತ 4: ಒಂದು ದಿನ ಮಣ್ಣು ಅಗೆಯಬೇಕು

ಇದು ಮೈಮುರಿಯುವ ಕೆಲಸ. ಇದನ್ನು ಬಿಟ್ಟು ಮುಂದೆ ಹೋಗುವ ದಾರಿಯೇ ಇಲ್ಲ. ನಿಮ್ಮ ಸೆನ್ಸರ್, ನಿಮ್ಮ ಜಾಗ, ನಿಮ್ಮ ಮಣ್ಣು ಇವಕ್ಕೆಲ್ಲ ಸೇರಿ ಒಂದು ಸಂಖ್ಯೆ ಇರುತ್ತದೆ, ಅದರ ಹೆಸರು ಎನ್ ಝೀರೋ. ಮಣ್ಣು ಪೂರ್ತಿ ಒಣಗಿದ್ದರೆ ಬರುವ ಎಣಿಕೆಯ ಅಂದಾಜು ಎಂದು ಅದನ್ನು ತಿಳಿಯಬಹುದು. ಅದನ್ನು ಕಂಡುಹಿಡಿಯಲು ಒಂದು ದಿನ ಮಣ್ಣಿನ ನಿಜವಾದ ತೇವಾಂಶ ಗೊತ್ತಿರಬೇಕು.

ಬಳಕೆಯಲ್ಲಿರುವ ಪದ್ಧತಿ ಹೀಗಿದೆ. ಸೆನ್ಸರಿನಿಂದ 25, 75, 200 ಮೀಟರ್ ದೂರದಲ್ಲಿ ಮೂರು ವೃತ್ತ. ಪ್ರತಿ ವೃತ್ತದಲ್ಲಿ 60 ಡಿಗ್ರಿಗೊಂದರಂತೆ ಆರು ಗುರುತು. ಒಟ್ಟು 18 ಜಾಗ. ಪ್ರತಿ ಜಾಗದಲ್ಲಿ 30 ಸೆಂಟಿಮೀಟರ್ ಆಳದವರೆಗೆ, 5 ಸೆಂಟಿಮೀಟರಿಗೊಂದು ಮಾದರಿ. ಅಲ್ಲಿಗೆ 108 ಮಾದರಿಗಳು. ಹತ್ತಿರದ ಮಣ್ಣಿಗೆ ಜಾಸ್ತಿ ತೂಕ ಇರುವುದು ಈಚೆಗೆ ಸ್ಪಷ್ಟವಾದ ಮೇಲೆ, ಕಂಬದಿಂದ ಕೆಲವೇ ಮೀಟರ್ ದೂರದಲ್ಲೂ ಒಂದಷ್ಟು ಮಾದರಿ ತೆಗೆಯುವುದು ಒಳ್ಳೆಯದು.

ಮಾದರಿಯನ್ನು ಗೊತ್ತಿರುವ ಗಾತ್ರದ ಉಂಗುರದಲ್ಲಿ ತೆಗೆದು, ಕೂಡಲೇ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ. ಬಿಸಿಲಲ್ಲಿ ಐದು ನಿಮಿಷ ತೆರೆದಿಟ್ಟರೂ ನೀರು ಹಾರಿಹೋಗುತ್ತದೆ. ಹಸಿ ತೂಕ ನೋಡಿ, 105 ಡಿಗ್ರಿ ಒಲೆಯಲ್ಲಿ 24 ಗಂಟೆ ಒಣಗಿಸಿ, ಒಣ ತೂಕ ನೋಡಿ. ವ್ಯತ್ಯಾಸವನ್ನು ಒಣ ತೂಕದಿಂದ ಭಾಗಿಸಿದರೆ ತೂಕದ ಲೆಕ್ಕದ ತೇವಾಂಶ. ಒಣ ತೂಕವನ್ನು ಉಂಗುರದ ಗಾತ್ರದಿಂದ ಭಾಗಿಸಿದರೆ ಮಣ್ಣಿನ ಸಾಂದ್ರತೆ. ಎರಡೂ ಬೇಕು.

ಒಲೆಯಿಂದ ಹೋಗದ ಹೈಡ್ರೋಜನ್ ಕೂಡ ಮಣ್ಣಿನಲ್ಲಿದೆ. ಜೇಡಿಮಣ್ಣಿನ ಖನಿಜಗಳ ಹರಳಿನೊಳಗೇ ಸಿಕ್ಕಿಕೊಂಡ ನೀರು ಒಂದು, ಕೊಳೆತ ಎಲೆ ಬೇರುಗಳ ಸಾವಯವ ಅಂಶ ಇನ್ನೊಂದು. ಗಿಡ ಇದನ್ನು ಕುಡಿಯಲಾರದು, ಆದರೆ ನ್ಯೂಟ್ರಾನ್‌ಗೆ ಆ ಭೇದ ಇಲ್ಲ. ಎಲ್ಲ ಮಾದರಿಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ, ಈ ಎರಡನ್ನೂ ಪ್ರಯೋಗಾಲಯದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ಹರಳಿನ ನೀರು ಹೊರಬರಲು ಸುಮಾರು 1000 ಡಿಗ್ರಿ ಕಾಯಿಸಬೇಕಾಗುತ್ತದೆ, ಮನೆಯಲ್ಲಿ ಆಗುವ ಕೆಲಸ ಅಲ್ಲ.

ಸರಾಸರಿ ತೆಗೆಯುವಾಗ ಎಲ್ಲ ಆಳಕ್ಕೂ ಸಮಾನ ತೂಕ ಕೊಡಬೇಡಿ. ಮೇಲಿನ ಪದರಕ್ಕೆ ಹೆಚ್ಚು, ಕೆಳಗಿನದಕ್ಕೆ ಕಡಿಮೆ. ತೀರಾ ಒಣಗಿದ ದಿನವಾಗಲಿ, ಈಗಷ್ಟೇ ಮಳೆ ಬಂದು ಮೇಲ್ಪದರ ಮಾತ್ರ ನೆನೆದ ದಿನವಾಗಲಿ ಬೇಡ. ಮಳೆ ನಿಂತು ನೀರು ಕೆಳಗಿಳಿದ ದಿನ ಆರಿಸಿ. ಸಾಧ್ಯವಾದರೆ ಬೇರೆ ಋತುವಿನಲ್ಲಿ ಇನ್ನೊಮ್ಮೆ ಮಾಡಿ. ಎರಡು ಸಲವೂ ಎನ್ ಝೀರೋ ಹತ್ತಿರ ಹತ್ತಿರ ಬಂದರೆ ನಿಮ್ಮ ತಿದ್ದುಪಡಿಗಳು ಸರಿಯಿವೆ ಅಂತ ಅರ್ಥ.

ಹಂತ 5: ಎಣಿಕೆಯಿಂದ ತೇವಾಂಶ

2010ರಲ್ಲಿ ಡೆಸಿಲೆಟ್ಸ್, ಝ್ರೆಡಾ ಮತ್ತು ಫೆರ್ರೆ ಪ್ರಕಟಿಸಿದ ಸೂತ್ರ ಇಂದಿಗೂ ಹೆಚ್ಚು ಬಳಕೆಯಲ್ಲಿದೆ:

ಒಟ್ಟು ತೇವಾಂಶ = 0.0808 ÷ (ಎಣಿಕೆ ÷ ಎನ್ ಝೀರೋ − 0.372) − 0.115

ಇದು ಕೊಡುವುದು ತೂಕದ ಲೆಕ್ಕದ ತೇವಾಂಶ, ಹರಳಿನ ನೀರು ಮತ್ತು ಸಾವಯವ ಅಂಶದ ನೀರು ಸೇರಿ. ಅವೆರಡನ್ನೂ ಕಳೆದು ಸಾಂದ್ರತೆಯಿಂದ ಗುಣಿಸಿದರೆ ಗಾತ್ರದ ಲೆಕ್ಕದ ತೇವಾಂಶ ಬರುತ್ತದೆ.

ಮಣ್ಣು ಅಗೆದ ದಿನ ಎಣಿಕೆ ಗಂಟೆಗೆ 1500, ಒಲೆಯಲ್ಲಿ ಕಂಡ ತೇವಾಂಶ 0.15, ಹರಳಿನ ನೀರು 0.02, ಸಾವಯವದ್ದು 0.01 ಅಂದುಕೊಳ್ಳಿ. ಒಟ್ಟು 0.18. ಸೂತ್ರವನ್ನು ತಿರುಗಿಸಿದರೆ ಎಣಿಕೆ ಮತ್ತು ಎನ್ ಝೀರೋ ಅನುಪಾತ 0.646. ಹಾಗಾಗಿ ಎನ್ ಝೀರೋ 2322. ಮಣ್ಣಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.4 ಗ್ರಾಂ ಆದರೆ ಅಂದಿನ ತೇವಾಂಶ ಶೇ 21. ಕೆಲವು ದಿನ ಬಿಟ್ಟು ಎಣಿಕೆ 1400ಕ್ಕೆ ಇಳಿದರೆ ಸೂತ್ರ 0.235 ಕೊಡುತ್ತದೆ. 0.03 ಕಳೆದು 1.4ರಿಂದ ಗುಣಿಸಿದರೆ ಶೇ 28.7. ಇನ್ನೂ ನೂರು ಇಳಿದು 1300 ಆದರೆ ಶೇ 39.9.

ಈ ಮೂರು ಸಂಖ್ಯೆಗಳನ್ನು ಸ್ವಲ್ಪ ನೋಡಿ. ಮೊದಲ ನೂರು ಇಳಿದಾಗ ತೇವಾಂಶ ಸುಮಾರು 8 ಅಂಶ ಏರಿತು, ಎರಡನೇ ನೂರಕ್ಕೆ 11 ಅಂಶ. ಮಣ್ಣು ಒದ್ದೆಯಾದಷ್ಟೂ ಒಂದೊಂದು ಎಣಿಕೆಯ ಹಿಂದೆ ಜಾಸ್ತಿ ನೀರು ಅಡಗಿರುತ್ತದೆ. ಅಂದರೆ ಎಣಿಕೆಯ ಸಣ್ಣ ತಪ್ಪೂ ಅಲ್ಲಿ ದೊಡ್ಡದಾಗುತ್ತದೆ. ಒಣ ಮಣ್ಣಿನಲ್ಲಿ ಈ ಯಂತ್ರ ಚೂಪು, ಒದ್ದೆ ಮಣ್ಣಿನಲ್ಲಿ ಮೊಂಡು.

ಹಂತ 6: ಗಂಟೆಯ ಸಂಖ್ಯೆಯನ್ನು ನಂಬಬೇಡಿ

ನ್ಯೂಟ್ರಾನ್‌ಗಳು ತಮಗೆ ತೋಚಿದಾಗ ಬರುತ್ತವೆ. ಎಣಿಕೆಯ ವರ್ಗಮೂಲದಷ್ಟು ಅಲುಗಾಟ ಸಹಜ. ಗಂಟೆಗೆ 1400 ಬಂದರೆ ಅಲುಗಾಟ 37. ಮೇಲಿನ ಮಣ್ಣಿನಲ್ಲಿ ಇದು ತೇವಾಂಶದ ಮೂರು ನಾಲ್ಕು ಅಂಶಕ್ಕೆ ಸಮ, ಏನೂ ಪ್ರಯೋಜನವಿಲ್ಲ. ಅದೇ 24 ಗಂಟೆ ಕೂಡಿಸಿದರೆ 33,600 ಎಣಿಕೆ, ಅಲುಗಾಟ ಸುಮಾರು 183, ಶೇಕಡಾ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ತೇವಾಂಶದಲ್ಲಿ ಒಂದು ಅಂಶಕ್ಕೂ ಕಡಿಮೆ. ಇದು ಬೇಸಾಯದ ನಿರ್ಧಾರಕ್ಕೆ ಸಾಕು. ದಿನದ ಸರಾಸರಿ ಬಳಸಿ. ಮೊದಲು ಎಣಿಕೆಗಳ ಸರಾಸರಿ ತೆಗೆದು ಆಮೇಲೆ ಸೂತ್ರಕ್ಕೆ ಹಾಕಿ. ಸೂತ್ರ ಬಾಗಿದ ರೇಖೆಯಾದ್ದರಿಂದ ಈ ಕ್ರಮ ತಿರುಗಿಸಬಾರದು.

ಅದಕ್ಕೂ ಮೊದಲು ಕಸ ತೆಗೆಯಿರಿ: ಎನ್ ಝೀರೋಗಿಂತ ಜಾಸ್ತಿ ಬಂದ ಗಂಟೆಗಳು, ಹಿಂದಿನ ಗಂಟೆಗಿಂತ ಶೇ 20ಕ್ಕೂ ಹೆಚ್ಚು ಜಿಗಿದವು, ಬ್ಯಾಟರಿ ಬಿದ್ದ ಹೊತ್ತಿನವು. ಮಳೆಯ ದಾಖಲೆಯನ್ನು ಪಕ್ಕದಲ್ಲಿಟ್ಟು ಗ್ರಾಫ್ ನೋಡಿ. ಮಳೆಗೆ ತೇವಾಂಶ ಏರಬೇಕು, ಆಮೇಲೆ ನಿಧಾನವಾಗಿ ಇಳಿಯಬೇಕು. ಬೆಳೆ ಎತ್ತರಕ್ಕೆ ಬೆಳೆದರೆ ಅದರಲ್ಲಿನ ನೀರೂ ಎಣಿಕೆಯನ್ನು ತಗ್ಗಿಸುತ್ತದೆ. ಕಟಾವಿನ ದಿನ ಎಣಿಕೆ ಜಿಗಿದರೆ ಗಾಬರಿ ಬೇಡ.

ಹಂತ 7: ಹಿಮದ ನೀರು

ಹಿಮದ ಆಳ ಅಳೆದರೆ ನೀರು ಅಳೆದಂತಲ್ಲ. ಹತ್ತು ಸೆಂಟಿಮೀಟರ್ ಹೊಸ ಹಿಮದಲ್ಲಿ ಹತ್ತು ಮಿಲಿಮೀಟರ್ ನೀರಿದ್ದರೆ, ಕುಸಿದು ಗಟ್ಟಿಯಾದ ಹಳೆಯ ಹಿಮದಲ್ಲಿ ಅದರ ಮೂರು ನಾಲ್ಕು ಪಟ್ಟು ಇರಬಹುದು. ವಸಂತದಲ್ಲಿ ಹೊಳೆಗೆ ಎಷ್ಟು ನೀರು ಬರುತ್ತದೆ ಅನ್ನೋದನ್ನು ಹೇಳುವುದು ಕರಗಿದರೆ ಸಿಗುವ ನೀರಿನ ಎತ್ತರ. ಹಿಮದಲ್ಲಿರುವುದೂ ಅದೇ ಹೈಡ್ರೋಜನ್, ಹಾಗಾಗಿ ನ್ಯೂಟ್ರಾನ್‌ಗೆ ಹಿಮದ ಸಾಂದ್ರತೆಯ ಗೊಡವೆ ಇಲ್ಲ.

ಸೆನ್ಸರ್ ಇಡುವುದಕ್ಕೆ ಎರಡು ದಾರಿ. ಕಂಬದ ಮೇಲೆಯೇ ಇಟ್ಟರೆ ದೊಡ್ಡ ಜಾಗದ ಸರಾಸರಿ ಸಿಗುತ್ತದೆ. ಗಾಳಿ ಒಂದೆಡೆ ಗುಡ್ಡೆ ಹಾಕಿ ಇನ್ನೊಂದೆಡೆ ಬರಿದು ಮಾಡುವ ಜಾಗದಲ್ಲಿ ಇದೇ ಒಳ್ಳೆಯದು. ಆದರೆ ಹಿಮ ದಪ್ಪವಾದಂತೆ ಎಣಿಕೆ ಇಳಿಯುವುದು ನಿಧಾನವಾಗಿ, ಕೊನೆಗೆ ಹೆಚ್ಚೂ ಕಡಿಮೆ ನಿಲ್ಲುತ್ತದೆ. ಆಸ್ಟ್ರಿಯಾದ ಆಲ್ಪ್ಸ್‌ನಲ್ಲಿ ವೈಸ್‌ಝೇ ಬಳಿ ನಡೆದ ಅಧ್ಯಯನದಲ್ಲಿ ಸುಮಾರು 600 ಮಿಲಿಮೀಟರ್ ನೀರಿನವರೆಗೂ ಸೆನ್ಸರ್ ವ್ಯತ್ಯಾಸ ತೋರಿಸಿತು, ಇದು ಮೊದಲು ಅಂದುಕೊಂಡಿದ್ದಕ್ಕಿಂತ ಬಹಳ ಜಾಸ್ತಿ.

ಇದಕ್ಕಿಂತ ಆಳದ ಹಿಮ ಬೀಳುವ ಕಡೆ ಸೆನ್ಸರನ್ನು ನೆಲಮಟ್ಟದಲ್ಲಿ ಹೂತು, ಹಿಮ ಅದರ ಮೇಲೆ ಬೀಳುವಂತೆ ಮಾಡಿ. ಆಗ ಅದು ಮೇಲಿನಿಂದ ಹಿಮವನ್ನು ತೂರಿ ಬಂದವನ್ನು ಎಣಿಸುತ್ತದೆ, ಮೀಟರ್‌ಗಟ್ಟಲೆ ಹಿಮದಲ್ಲೂ ಅಳತೆ ನಡೆಯುತ್ತದೆ. ಫ್ರಾನ್ಸಿನ ವಿದ್ಯುತ್ ಸಂಸ್ಥೆ ಇಡಿಎಫ್ ಪರ್ವತಗಳಲ್ಲಿ ವರ್ಷಗಳಿಂದ ಇದನ್ನು ಬಳಸುತ್ತಿದೆ. ಸ್ವಿಟ್ಜರ್ಲೆಂಡಿನ ಪ್ಲೇನ್ ಮೋರ್ಟ್ ಹಿಮನದಿಯ ಮೇಲೂ ಹೀಗೆ ಅಳೆದಿದ್ದಾರೆ. ಇದರ ಕೊರತೆ ಒಂದೇ: ತಲೆಯ ಮೇಲಿರುವ ಕೆಲವು ಮೀಟರ್ ಹಿಮ ಮಾತ್ರ ಅದಕ್ಕೆ ಗೊತ್ತು. ಇಡುವ ಜಾಗ ಸುತ್ತಲಿನ ಹಿಮವನ್ನು ಪ್ರತಿನಿಧಿಸುವಂತಿರಲಿ, ಗಾಳಿಯ ಮೂಲೆಯಲ್ಲಿ ಬೇಡ.

ಹಿಮ ಬೀಳುವ ಮುಂಚಿನ ಕೆಲವು ದಿನಗಳ ತಿದ್ದಿದ ಎಣಿಕೆಯನ್ನು ಆಧಾರವಾಗಿ ಬರೆದಿಟ್ಟುಕೊಳ್ಳಿ. ಆಮೇಲಿನ ಪ್ರತಿ ದಿನದ ಎಣಿಕೆಯನ್ನು ಅದರಿಂದ ಭಾಗಿಸಿ. ಈ ಅನುಪಾತ ಇಳಿದಂತೆ ನೀರು ಏರುತ್ತದೆ, ಸರಳ ರೇಖೆಯಲ್ಲಲ್ಲ, ಲಾಗರಿದಮ್‌ನಂತೆ. ರೇಖೆಯ ನಿಖರ ಆಕಾರಕ್ಕೆ ನೀವೇ ಹಿಮ ತೂಗಬೇಕು. ಚಳಿಗಾಲದ ಆರಂಭ, ನಡುಭಾಗ, ಕೊನೆ, ಮೂರು ಹೊತ್ತಿನಲ್ಲಿ ಒಂದು ಟೊಳ್ಳು ಕೊಳವೆಯನ್ನು ನೆಲ ಮುಟ್ಟುವವರೆಗೆ ಹಿಮಕ್ಕೆ ಇಳಿಸಿ, ಅದರಲ್ಲಿ ಬಂದ ಹಿಮ ತೂಗಿ. ಕೊಳವೆಯ ಬಾಯಿಯ ವಿಸ್ತೀರ್ಣದಿಂದ ಭಾಗಿಸಿದರೆ ನೀರಿನ ಎತ್ತರ ಸಿಗುತ್ತದೆ. ಹೂತ ಸೆನ್ಸರ್ ಪಕ್ಕದಲ್ಲಿ ಅಗೆಯುವಾಗ ಅದರ ಮೇಲಿನ ಹಿಮ ಮಾತ್ರ ಕದಡಬಾರದು.

ಕಂಬದ ಸೆನ್ಸರಿಗೆ ಒಂದು ಗೊಂದಲ ಯಾವಾಗಲೂ ಇರುತ್ತದೆ. ತೆಳು ಹಿಮ ಬಿದ್ದರೆ ಎಣಿಕೆ ಇಳಿಯುತ್ತದೆ, ಮಳೆ ಬಿದ್ದರೂ ಇಳಿಯುತ್ತದೆ. ಎಣಿಕೆ ಒಂದನ್ನೇ ನೋಡಿ ಯಾವುದೆಂದು ಹೇಳಲಾಗದು. ಕಂಬಕ್ಕೊಂದು ಕ್ಯಾಮೆರಾ ಅಥವಾ ಹಿಮದ ಆಳ ಅಳೆಯುವ ಸೆನ್ಸರ್ ಕಟ್ಟಿ. ಹಿಮ ಇದ್ದ ದಿನಗಳನ್ನು ದತ್ತಾಂಶದಲ್ಲಿ ಗುರುತು ಮಾಡಿ, ಆ ದಿನಗಳಿಗೆ ಮಣ್ಣಿನ ತೇವಾಂಶ ಲೆಕ್ಕ ಹಾಕಬೇಡಿ. ಕರಗುವ ವಾರಗಳಲ್ಲಿ ಅಲ್ಲಲ್ಲಿ ನೆಲ ಕಾಣಿಸಿಕೊಂಡು, ಕರಗಿದ ನೀರು ಅಲ್ಲೇ ಮಣ್ಣಿಗೆ ಇಳಿಯುತ್ತಿರುತ್ತದೆ. ಆಗಿನ ಎಣಿಕೆ ಎರಡನ್ನೂ ಬೆರೆಸಿ ಹೇಳುತ್ತದೆ. ಕ್ಯಾಮೆರಾದಲ್ಲಿ ಕೊನೆಯ ಹಿಮ ಮಾಯವಾದ ಮೇಲೆಯೇ ಮಣ್ಣಿನ ಸೂತ್ರಕ್ಕೆ ಹಿಂತಿರುಗಿ.